ಹಣ ಹೊರಗಿನದು, ತೀರ್ಮಾನ ಊರಿನದು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿಗಳ ಪರವಾಗಿ ಮಾಡಿದ ಭಾಷಣದ ಪಾಠ)





ವರ್ಷದ ಜಮಾ-ಖರ್ಚನ್ನು ಈಗಷ್ಟೇ ಓದಲಾಗಿದೆ. ಲೆಕ್ಕ ಪರಿಶೋಧಕರ ವರದಿ ಈ ಪುಸ್ತಿಕೆಯಲ್ಲೇ ಅಚ್ಚಾಗಿದೆ. ಅದನ್ನೇ ಮತ್ತೆ ಹೇಳಿ ತಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಈ ವರ್ಷ ನಮ್ಮ ಮುಂದೆ ಬಂದ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಮಾತಾಡಬೇಕೆಂದಿದ್ದೇವೆ. ಆ ಪ್ರಶ್ನೆ ಎರಡು ಕಡೆಯಿಂದ ಬಂದಿದೆ.

ಒಂದು ಕಡೆ ದಾನಿಗಳು. ಅವರಲ್ಲಿ ಹಲವರು ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸಿ ದುಡಿಯುವವರು. ತಮ್ಮ ಹಣ ವೈದ್ಯಕೀಯ, ಇಂಜಿನಿಯರಿಂಗ್‌ನಂಥ ಕೋರ್ಸುಗಳಿಗೇ ಹೋಗಬೇಕು, ಸಮುದಾಯಕ್ಕೆ ದೊಡ್ಡ ಹುದ್ದೆಯವರು ಬೇಕು ಎನ್ನುವುದು ಕೆಲವರ ಸಲಹೆ. ಇನ್ನೊಂದು ಕಡೆ ಪೋಷಕರು. ಮಗಳು ನರ್ಸಿಂಗ್ ಡಿಪ್ಲೊಮಾ ಓದಬೇಕೆಂದಿದ್ದಾಳೆ, ಮಗ ಐಟಿಐಗೆ ಸೇರಿದ್ದಾನೆ, ಅವರಿಗೂ ಇದರಲ್ಲಿ ಪಾಲಿದೆಯೇ ಎಂದು ಅವರು ಕೇಳಿದ್ದಾರೆ. ಪಿಯುಸಿಗೇ ಓದು ನಿಲ್ಲಿಸುವ ಮಕ್ಕಳಿಗೆ ಬಸ್ ಪಾಸು ಮತ್ತು ಪುಸ್ತಕದ ಹಣ ಸಿಕ್ಕರೂ ಸಾಕಿತ್ತು ಎಂದವರೂ ಇದ್ದಾರೆ. ಎರಡೂ ಕಡೆಯವರ ಕಳಕಳಿ ಪ್ರಾಮಾಣಿಕವಾದದ್ದು. ಹಾಗಾದರೆ ತೀರ್ಮಾನ ಯಾರದು? ಕೊಡುವವರದ್ದೇ, ಪಡೆಯುವವರದ್ದೇ?

ಅಬೂ ದಾವೂದ್ ಸಂಗ್ರಹದಲ್ಲಿ ಅನಸ್(ರ)ರಿಂದ ವರದಿಯಾದ ಒಂದು ಘಟನೆ ತಮಗೆಲ್ಲ ತಿಳಿದದ್ದೇ. ಸಹಾಯ ಬೇಡಿ ಬಂದ ಅನ್ಸಾರಿಯೊಬ್ಬರನ್ನು ಪ್ರವಾದಿ(ಸ)ರು ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಎಂದು. ಇದ್ದದ್ದು ಹೊದೆಯುವ ಒಂದು ಬಟ್ಟೆ ಮತ್ತು ನೀರು ಕುಡಿಯುವ ಒಂದು ಬಟ್ಟಲು. ಅವೆರಡನ್ನೂ ತರಿಸಿ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ಪ್ರವಾದಿ(ಸ)ರು ಸ್ವತಃ ತಮ್ಮ ಕೈಯಿಂದ ಹಿಡಿ ಹಾಕಿಕೊಟ್ಟರು. ಸೌದೆ ಕಡಿದು ಮಾರಿ, ಹದಿನೈದು ದಿನ ಕಳೆದು ಬರಬೇಕೆಂದು ಕಳುಹಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿ ಬಂದರು. ಇಲ್ಲಿ ಹೊರಗಿನ ನೆರವಿದೆ, ಏಕೆಂದರೆ ಎರಡು ದಿರ್ಹಮ್ ಕೊಟ್ಟು ಕೊಂಡವರು ಬೇರೆಯವರು. ಕೈಹಿಡಿದು ನಡೆಸುವ ಮಾರ್ಗದರ್ಶನವಿದೆ. ಲೆಕ್ಕ ಒಪ್ಪಿಸುವ ಗಡುವೂ ಇದೆ. ಆದರೆ ಬಂಡವಾಳ ಆತನ ಮನೆಯದ್ದು, ದುಡಿಮೆ ಆತನದ್ದು, ಗಳಿಸಿದ ಹಣವೂ ಆತನದ್ದೇ.

ಇದೇ ಮಾತನ್ನು ನಮ್ಮ ಕಾಲದ ಒಂದು ದೊಡ್ಡ ಅನುಭವದ ಮೂಲಕ ನೋಡೋಣ. ನಾವು ಆರಿಸಿಕೊಂಡಿರುವುದು ಇಂಡೋನೇಷ್ಯಾದ ಆಚೆ ಪ್ರಾಂತ್ಯವನ್ನು. ಮೆಕ್ಕಾದ ಮೊಗಸಾಲೆ ಎಂದು ಹೆಸರಾದ ನಾಡು ಅದು. ಹಿಂದಿನ ಕಾಲದಲ್ಲಿ ಆ ದ್ವೀಪಗಳ ಹಜ್ ಯಾತ್ರಿಕರು ಹಡಗು ಹತ್ತುತ್ತಿದ್ದುದು ಅಲ್ಲಿಂದಲೇ.

2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿದಾಗ ಅತಿ ಹೆಚ್ಚು ಪೆಟ್ಟು ತಿಂದದ್ದು ಆಚೆ. ಸತ್ತವರು ಮತ್ತು ಕಾಣೆಯಾದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಮನೆ ಕಳೆದುಕೊಂಡವರು ಐದು ಲಕ್ಷದಷ್ಟು. ಅದಕ್ಕೂ ಮೊದಲೇ ಸುಮಾರು ಮೂರು ದಶಕಗಳಿಂದ ಅಲ್ಲಿ ಸೇನೆ ಮತ್ತು ಪ್ರತ್ಯೇಕತಾವಾದಿಗಳ ನಡುವೆ ಸಂಘರ್ಷ ನಡೆದಿತ್ತು. ಸುನಾಮಿಯ ನಂತರ, 2005ರ ಆಗಸ್ಟ್ 15ರಂದು, ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಜಗತ್ತಿನ ಎಲ್ಲ ಕಡೆಯಿಂದ ನೆರವು ಹರಿಯಿತು. ಒಟ್ಟು ವಾಗ್ದಾನ ಸುಮಾರು 700 ಕೋಟಿ ಡಾಲರ್. ನೂರಾರು ಸಂಸ್ಥೆಗಳು ಬಂದಿಳಿದವು. ಅವುಗಳನ್ನು ಒಂದು ಹಾದಿಗೆ ತರಲು ಇಂಡೋನೇಷ್ಯಾ ಸರಕಾರ 2005ರಲ್ಲಿ ಬಿಆರ್‌ಆರ್ ಎಂಬ ಪುನರ್ನಿರ್ಮಾಣ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರು ಕುಂತೋರೊ ಮಂಕುಸುಬ್ರೋಟೊ. ನಾಲ್ಕು ವರ್ಷಗಳಲ್ಲಿ ಸುಮಾರು 1,40,000 ಮನೆಗಳು ಎದ್ದವು.

ಈ ಮನೆಗಳು ಎದ್ದದ್ದು ಎರಡು ರೀತಿಯಲ್ಲಿ. ಮೊದಲ ರೀತಿಯಲ್ಲಿ ಸಂಸ್ಥೆಯೇ ನಕ್ಷೆ ತಂದು, ಗುತ್ತಿಗೆದಾರನನ್ನು ಹಿಡಿದು, ಮನೆ ಕಟ್ಟಿಸಿ ಬೀಗದ ಕೈ ಒಪ್ಪಿಸಿತು. ಇಂಥವುಗಳಲ್ಲಿ ಚೆನ್ನಾಗಿದ್ದವೂ ಇದ್ದವು. ಆದರೆ ಅಡಿಪಾಯ ಸರಿಯಿಲ್ಲದೆ, ಕಳಪೆ ಮರ ಬಳಸಿ, ಕೊನೆಗೆ ಕೆಡವಿ ಮತ್ತೆ ಕಟ್ಟಬೇಕಾದ ಮನೆಗಳೂ ಇದ್ದವು. ವಾಸಿಸುವವನು ಕಟ್ಟುವಾಗ ಅಲ್ಲಿ ಇರಲಿಲ್ಲ. ಕಟ್ಟಿದವನು ವಾಸಿಸುವಾಗ ಅಲ್ಲಿ ಇರುವುದಿಲ್ಲ. ನಡುವೆ ಕೇಳುವವರು ಯಾರು?

ಎರಡನೆಯ ರೀತಿಯಲ್ಲಿ ಹತ್ತು ಹದಿನೈದು ಕುಟುಂಬಗಳು ಸೇರಿ ಒಂದು ಗುಂಪಾದವು. ಹಣ ಹೊರಗಿನದೇ. ಯುರೋಪಿಯನ್ ಒಕ್ಕೂಟ ಮುಂಚೂಣಿಯಲ್ಲಿದ್ದ, 15 ದಾನಿಗಳ ಒಂದು ಸಂಯುಕ್ತ ನಿಧಿಯನ್ನು ವಿಶ್ವಬ್ಯಾಂಕ್ ನೋಡಿಕೊಳ್ಳುತ್ತಿತ್ತು. ಆದರೆ ಆ ಹಣ ಕಂತುಗಳಲ್ಲಿ ಗುಂಪಿನ ಖಾತೆಗೇ ಬರುತ್ತಿತ್ತು. ಇಟ್ಟಿಗೆ, ಸಿಮೆಂಟು ಎಲ್ಲಿ ಕೊಳ್ಳಬೇಕು, ಮೇಸ್ತ್ರಿ ಯಾರು, ಮೊದಲು ಯಾರ ಮನೆ ಎಂಬುದನ್ನೆಲ್ಲ ಗುಂಪೇ ತೀರ್ಮಾನಿಸಿತು. ತಳಪಾಯದ ಕಂತಿನ ಲೆಕ್ಕ ಸರಿಯಾಗದೆ ಗೋಡೆಯ ಕಂತು ಬರುತ್ತಿರಲಿಲ್ಲ. ಭೂಕಂಪಕ್ಕೆ ತಡೆದು ನಿಲ್ಲುವಂತೆ ಕಟ್ಟುವುದು ಹೇಗೆಂದು ತಿಳಿಸಲು ಇಂಜಿನಿಯರ್ ಜೊತೆಗಿದ್ದ. ಮನೆಯ ಅಳತೆ ಎಲ್ಲೆಡೆಯಂತೆ ಕನಿಷ್ಠ 36 ಚದರ ಮೀಟರ್. ತನ್ನ ಮನೆಯ ಕಂಬಿಗೆ ಎಷ್ಟು ಕಬ್ಬಿಣ ಹೋಯಿತು ಎಂಬುದನ್ನು ಮನೆಯ ಯಜಮಾನಿಯೇ ಎಣಿಸುತ್ತಿದ್ದಾಗ ಕಳ್ಳತನ ಸುಲಭವಲ್ಲ. 2006ರ ಮೇ ತಿಂಗಳಲ್ಲಿ ಜಾವಾದ ಯೋಗ್ಯಕರ್ತಾದಲ್ಲಿ ಭೂಕಂಪವಾದಾಗ ಸರಕಾರ ಇದೇ ಪದ್ಧತಿಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು.

ಈ ಗುಂಪುಗಳು ಸೇರುತ್ತಿದ್ದುದು ಎಲ್ಲಿ ಗೊತ್ತೇ? ಆಚೆಯ ಪ್ರತಿ ಹಳ್ಳಿಯಲ್ಲೂ ಮೆಉನಾಸಾ ಎಂಬ ಒಂದು ಕಟ್ಟಡವಿದೆ. ಅದು ನಮಾಝಿನ ಜಾಗವೂ ಹೌದು, ಮಕ್ಕಳು ಕುರ್‌ಆನ್ ಕಲಿಯುವ ಜಾಗವೂ ಹೌದು, ಊರಿನ ಪಂಚಾಯಿತಿ ಕೂಡುವ ಜಾಗವೂ ಹೌದು. ಸುನಾಮಿ ಹೊಲಗಳ ಗಡಿಕಲ್ಲುಗಳನ್ನೂ ಕಾಗದಪತ್ರಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಯಾರ ಜಮೀನು ಎಲ್ಲಿಯವರೆಗೆ ಎಂಬುದನ್ನು ಬದುಕುಳಿದ ನೆರೆಹೊರೆಯವರು ಒಟ್ಟಾಗಿ ನಿಂತು ಗುರುತಿಸಿ, ಒಪ್ಪಿ, ಸಹಿ ಹಾಕಿದ ಮೇಲೆಯೇ ಭೂಮಾಪನ ಇಲಾಖೆ ಪಟ್ಟಾ ಕೊಡುವ ವ್ಯವಸ್ಥೆಯಾಯಿತು. ಹೊರಗಿನ ಯಾವ ತಜ್ಞನಿಗೂ ಆ ಗಡಿಗಳು ಗೊತ್ತಿರಲು ಸಾಧ್ಯವಿರಲಿಲ್ಲ. ವಾರಸುದಾರರಿಲ್ಲದ ಆಸ್ತಿ ಮತ್ತು ಪಾಲಕರಿಲ್ಲದ ಅನಾಥರ ಆಸ್ತಿಯ ಹೊಣೆಯನ್ನು ಕಾನೂನಿನ ಮೂಲಕ ಬೈತುಲ್‌ಮಾಲ್‌ಗೆ ವಹಿಸಲಾಯಿತು. ಝಕಾತ್ ಸಂಗ್ರಹಿಸಿ ಹಂಚುವ ಸಂಸ್ಥೆಯೇ ಅನಾಥರ ಅಮಾನತ್ತನ್ನೂ ಕಾಯಿತು.

ಈ ಪದ್ಧತಿ ಸುನಾಮಿಯ ರಾತ್ರಿ ಹುಟ್ಟಿದ್ದಲ್ಲ. 1998ರಲ್ಲಿ ಸುಹಾರ್ತೊ ಆಡಳಿತ ಕುಸಿದ ವರ್ಷವೇ ಇಂಡೋನೇಷ್ಯಾದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕೆಚಮಾತನ್ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಗಿತ್ತು. ಕೆಚಮಾತನ್ ಎಂದರೆ ನಮ್ಮ ಹೋಬಳಿಯಂಥ ಒಂದು ಘಟಕ. ಅದರ ನಿಯಮಗಳು ಸರಳವಾಗಿದ್ದವು. ಹಣ ಇಲಾಖೆಗಳ ಮೂಲಕ ಸುತ್ತಿ ಬರದೆ ನೇರವಾಗಿ ಹೋಬಳಿಯ ಜಂಟಿ ಖಾತೆಗೆ ಬರುತ್ತಿತ್ತು. ಯಾವ ಕೆಲಸ ಎಂದು ಮೇಲಿನಿಂದ ಹೇಳುತ್ತಿರಲಿಲ್ಲ. ಮಾಡಬಾರದ ಕೆಲಸಗಳ ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಅದರ ಹೊರಗೆ ಎಲ್ಲವೂ ಊರಿನ ಆಯ್ಕೆಯಾಗಿತ್ತು. ಒಂದೂರಿಗೆ ರಸ್ತೆ ಬೇಕಾದರೆ ಇನ್ನೊಂದೂರಿಗೆ ಸೇತುವೆ, ಮತ್ತೊಂದಕ್ಕೆ ಕುಡಿಯುವ ನೀರು. ಪ್ರತಿ ಊರು ತರುವ ಪ್ರಸ್ತಾವಗಳಲ್ಲಿ ಹೆಂಗಸರ ಸಭೆಯಲ್ಲಿ ಮೂಡಿದ ಪ್ರಸ್ತಾವ ಇರಲೇಬೇಕಿತ್ತು. ಎಲ್ಲ ಊರುಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತು ಯಾವುದಕ್ಕೆ ಹಣ ಎಂದು ನಿರ್ಧರಿಸುತ್ತಿದ್ದರು. ಬಂದ ಹಣ, ಕೊಂಡ ಸಾಮಾನು, ಕೊಟ್ಟ ಕೂಲಿಯನ್ನು ಊರ ನಡುವಿನ ಫಲಕದಲ್ಲಿ ಬರೆಯುತ್ತಿದ್ದರು. ಮೊದಲು ಶೇ. 40, ಆಮೇಲೆ ಶೇ. 40, ಕೊನೆಗೆ ಶೇ. 20. ಊರ ಬಹಿರಂಗ ಸಭೆಯಲ್ಲಿ ಲೆಕ್ಕ ಒಪ್ಪಿಸದೆ ಮುಂದಿನ ಕಂತು ಇರಲಿಲ್ಲ.

ಇಷ್ಟು ಕೇಳಿದರೆ, ಜನರ ಕೈಗೆ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನಿಸಬಹುದು. ಹಾಗಲ್ಲ. ಇದೇ ಕಾರ್ಯಕ್ರಮದ ಅಡಿಯಲ್ಲಿ ಜಾವಾದ 608 ಹಳ್ಳಿಗಳಲ್ಲಿ ಕಟ್ಟಿದ ರಸ್ತೆಗಳನ್ನು ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ ಇಂಜಿನಿಯರುಗಳು ರಸ್ತೆಗಳನ್ನು ಅಲ್ಲಲ್ಲಿ ಅಗೆದು, ನಿಜವಾಗಿ ಎಷ್ಟು ಕಲ್ಲು ಮತ್ತು ಮರಳು ಬಿದ್ದಿದೆ ಎಂದು ಅಳೆದರು. ಲೆಕ್ಕದಲ್ಲಿ ತೋರಿಸಿದ್ದಕ್ಕೂ ನೆಲದಲ್ಲಿ ಸಿಕ್ಕಿದ್ದಕ್ಕೂ ಸರಾಸರಿ ಸುಮಾರು ಶೇ. 24ರಷ್ಟು ವ್ಯತ್ಯಾಸವಿತ್ತು. ಸರಕಾರಿ ಆಡಿಟ್ ಖಂಡಿತ ಬರುತ್ತದೆ, ವರದಿಯನ್ನು ಊರ ಸಭೆಯಲ್ಲೇ ಓದಲಾಗುತ್ತದೆ ಎಂದು ಮೊದಲೇ ತಿಳಿಸಿದ ಹಳ್ಳಿಗಳಲ್ಲಿ ಈ ಸೋರಿಕೆ ಸುಮಾರು 8 ಶೇಕಡಾ ಅಂಶದಷ್ಟು ತಗ್ಗಿತು. ಬರೀ ಹೆಚ್ಚು ಜನರನ್ನು ಸಭೆಗೆ ಕರೆದ ಕಡೆ ಒಟ್ಟಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಆ ಅಧ್ಯಯನದ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಜನರನ್ನು ಸಭೆಗೆ ಕರೆದಾಗ ಕೂಲಿಯ ಹಣ ಸೋರುವುದು ಕಡಿಮೆಯಾಯಿತು. ಸಾಮಗ್ರಿಯ ಹಣ ಸೋರುವುದು ಕಡಿಮೆಯಾಗಲಿಲ್ಲ. ಕಾರಣ ಸುಲಭ. ತನಗೆ ಎಷ್ಟು ಕೂಲಿ ಬರಬೇಕು ಎಂದು ಪ್ರತಿಯೊಬ್ಬನಿಗೂ ಗೊತ್ತು. ರಸ್ತೆಯ ಒಳಗೆ ಎಷ್ಟು ಮರಳು ಬಿದ್ದಿರಬೇಕು ಎಂದು ಯಾರಿಗೂ ಗೊತ್ತಿಲ್ಲ. ಇನ್ನೂ ಒಂದಿದೆ. ಆಡಿಟ್ ಬಿಗಿಯಾದ ಊರುಗಳಲ್ಲಿ ಕೆಲಸಗಳು ಮುಖಂಡರ ಬಂಧುಬಳಗಕ್ಕೆ ಸಿಗುವುದು ಹೆಚ್ಚಾಯಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ಆದ್ದರಿಂದ ಊರಿನ ತೀರ್ಮಾನವೂ ಬೇಕು, ಹೊರಗಿನವರ ತಪಾಸಣೆಯೂ ಬೇಕು. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಕೊನೆಗೆ ಆ ನೆರವು ಏನಾಯಿತು? ಎಲ್ಲ ವಿದೇಶಿ ನೆರವಿಗೂ ಒಂದು ಕೊನೆಯಿದೆ. ಬಿಆರ್‌ಆರ್ 2009ರಲ್ಲಿ ಬಾಗಿಲು ಮುಚ್ಚಿತು. ಆಚೆಯ ಸಂಯುಕ್ತ ನಿಧಿ 2012ರಲ್ಲಿ ಮುಗಿಯಿತು. ಆದರೆ ಹೋಬಳಿ ಕಾರ್ಯಕ್ರಮದ ರೀತಿನೀತಿ ಉಳಿದುಕೊಂಡಿತು. 2007ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. 2014ರ ಗ್ರಾಮ ಕಾಯಿದೆಯ ಮೂಲಕ ಸುಮಾರು 74,000 ಹಳ್ಳಿಗಳಿಗೆ ದೇಶದ ಸ್ವಂತ ಬಜೆಟ್ಟಿನಿಂದಲೇ ಹಣ ಕೊಡುವ ವ್ಯವಸ್ಥೆಯಾಯಿತು. ಸಾಲ ಕೊಟ್ಟವರು ಹೋದರೂ ಸಭೆ ಕೂಡುವ ರೂಢಿ ಹೋಗಲಿಲ್ಲ. ನೆರವು ಸಾರ್ಥಕವಾಯಿತೇ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಕಾಣುವುದಿಲ್ಲ.

ಇಂಥದ್ದೇ ಕಥೆ ನಮ್ಮ ನಾಡಿನಲ್ಲೂ ಇದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದುದನ್ನು ಕಂಡಿತು. ಆದರೆ ಪರಸ್ಪರ ನಂಬಿಕೆಯಿದ್ದ ಹತ್ತಿಪ್ಪತ್ತು ಜನರ ಸಣ್ಣ ಗುಂಪುಗಳು ಉಳಿತಾಯ ಮಾಡುತ್ತಾ ಮುಂದುವರಿದಿದ್ದವು. ಆ ಗುಂಪುಗಳನ್ನು ಬೆಳೆಸಲು 1987ರಲ್ಲಿ ನಬಾರ್ಡ್ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದ ಮಟ್ಟದಲ್ಲಿ ಆರಂಭವಾಯಿತು. ಇಂದಿನ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಬಡ್ಡಿಯ ವಿಷಯದಲ್ಲಿ ನಮ್ಮ ನಿಲುವು ಬೇರೆ, ಅದು ತಮಗೆ ತಿಳಿದೇ ಇದೆ. ಆದರೆ ಜನರು ತಾವೇ ಕಟ್ಟಿಕೊಂಡದ್ದನ್ನು ಗುರುತಿಸಿ, ಅದರ ಬೆನ್ನಿಗೆ ನಿಂತ ನೆರವು ಉಳಿಯಿತು ಎಂಬ ಪಾಠವನ್ನು ಯಾರಿಂದಲಾದರೂ ಕಲಿಯಬಹುದು.

ಹೊರಗಿನ ಹಣದ ಮಾತು ಬಂದಾಗ ಒಂದು ವಿಷಯ ಸ್ಪಷ್ಟಪಡಿಸಬೇಕು. ನಮ್ಮ ಟ್ರಸ್ಟ್ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ, ಅಂದರೆ ಎಫ್‌ಸಿಆರ್‌ಎ ಅಡಿಯಲ್ಲಿ ನೋಂದಾಯಿಸಿಕೊಂಡಿಲ್ಲ. ಹಾಗಾಗಿ ವಿದೇಶಿ ಸಂಸ್ಥೆಗಳಿಂದ ನಾವು ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಾಯಿತ ಸಂಸ್ಥೆಯೂ ತಾನು ಪಡೆದ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಹೊಂದಿದ ಅನಿವಾಸಿ ಸಹೋದರರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ದಾನ, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. ದಯವಿಟ್ಟು ಹಣ ಕಳುಹಿಸುವ ಮೊದಲು ಕಚೇರಿಗೆ ತಿಳಿಸಿ. ಸದುದ್ದೇಶದ ದಾನ ಕಾನೂನಿನ ತೊಡಕಾಗಬಾರದು.

ಹಾಗಾದರೆ ಆಚೆಯ ಮಾತು ನಮಗೇಕೆ? ಏಕೆಂದರೆ ಒಂದು ಮೊಹಲ್ಲಾದ ಬಡ ಕುಟುಂಬದ ಮಟ್ಟಿಗೆ ನಾವೂ ಹೊರಗಿನ ದಾನಿಗಳೇ. ದುಬೈಯಿಂದ ಬಂದ ಹಣವಾಗಲಿ, ಇದೇ ಊರಿನ ಅಂಗಡಿಯಿಂದ ಬಂದ ಹಣವಾಗಲಿ, ಆ ಮನೆಯ ಹೊಸ್ತಿಲಲ್ಲಿ ಅದು ಹೊರಗಿನ ಹಣ. ಆ ಮನೆಯಲ್ಲಿ ಏನಿದೆ, ಆ ಮಗುವಿನ ಕೈಯಲ್ಲಿ ಯಾವ ಕೊಡಲಿ ಒಪ್ಪುತ್ತದೆ ಎಂಬುದು ನಮಗಿಂತ ಆ ಮನೆಯವರಿಗೆ ಮತ್ತು ನೆರೆಯವರಿಗೆ ಚೆನ್ನಾಗಿ ಗೊತ್ತು.

ಈ ಹಿನ್ನೆಲೆಯಲ್ಲಿ ಟ್ರಸ್ಟಿಗಳ ಸಮಿತಿ ನಾಲ್ಕು ವಿಷಯಗಳನ್ನು ತಮ್ಮ ಮುಂದಿಡುತ್ತಿದೆ.

ಒಂದು. ಇನ್ನು ಮುಂದೆ ಕೋರ್ಸುಗಳ ಪಟ್ಟಿ ಇರುವುದಿಲ್ಲ. ಪಿಯುಸಿ, ಐಟಿಐ, ಡಿಪ್ಲೊಮಾ, ನರ್ಸಿಂಗ್, ಪದವಿ, ವೃತ್ತಿ ಶಿಕ್ಷಣ ಎಲ್ಲದಕ್ಕೂ ಅರ್ಜಿ ಹಾಕಬಹುದು. ಇರುವುದು ಕೊಡಲಾಗದವುಗಳ ಸಣ್ಣ ಪಟ್ಟಿ ಮಾತ್ರ: ಮಾನ್ಯತೆ ಇಲ್ಲದ ಸಂಸ್ಥೆಗಳು, ಡೊನೇಷನ್ ಸೀಟಿನ ಹಣ, ಈಗಾಗಲೇ ಸರಕಾರದ ಪೂರ್ಣ ವಿದ್ಯಾರ್ಥಿವೇತನ ಸಿಕ್ಕಿರುವ ಶುಲ್ಕ. ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ತಮ್ಮ ಆಸೆಯನ್ನು ನಮಗೆ ಬರೆದು ಕಳುಹಿಸಿ, ಅದನ್ನು ಗೌರವದಿಂದ ಪರಿಗಣಿಸುತ್ತೇವೆ, ಆದರೆ ಅದನ್ನು ಷರತ್ತಾಗಿಸಬೇಡಿ. ವೈದ್ಯ ಬೇಕು ನಿಜ. ವೈದ್ಯನ ಪಕ್ಕದಲ್ಲಿ ನಿಲ್ಲುವ ನರ್ಸೂ ಬೇಕು, ಆಸ್ಪತ್ರೆಗೆ ವಿದ್ಯುತ್ ತಂತಿ ಎಳೆಯುವವನೂ ಬೇಕು.

ಎರಡು. ಪ್ರತಿ ಮೊಹಲ್ಲಾದಲ್ಲಿ ಐದು ಜನರ ಶಿಫಾರಸು ಸಮಿತಿ. ಅದರಲ್ಲಿ ಒಬ್ಬ ಶಿಕ್ಷಕರು, ಹಿಂದೆ ಈ ವೇತನ ಪಡೆದು ಓದು ಮುಗಿಸಿದ ಒಬ್ಬರು, ಮೂವರು ಪೋಷಕರು. ಆ ಮೂವರಲ್ಲಿ ಕನಿಷ್ಠ ಇಬ್ಬರು ತಾಯಂದಿರು. ತಮ್ಮ ಬಂಧುಗಳ ಅರ್ಜಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಜಾವಾದ ರಸ್ತೆಗಳು ಕಲಿಸಿದ ಪಾಠ ಇದು.

ಮೂರು. ಲೆಕ್ಕ ಬಹಿರಂಗ, ಹೆಸರು ಗುಪ್ತ. ಈ ಬಗ್ಗೆ ಸಮಿತಿಯಲ್ಲಿ ದೀರ್ಘ ಚರ್ಚೆಯಾಯಿತು. ಎಲ್ಲವನ್ನೂ ಫಲಕದಲ್ಲಿ ಬರೆಯಬೇಕು ಎಂದರು ಕೆಲವರು. ಝಕಾತ್ ಪಡೆಯುವ ಕುಟುಂಬದ ಹೆಸರನ್ನು ಗೋಡೆಯ ಮೇಲೆ ಬರೆದರೆ ಅವರ ಮಾನ ಏನಾಗುತ್ತದೆ, ಮಗಳಿಗೆ ಸಂಬಂಧ ನೋಡುವಾಗ ಏನಾಗುತ್ತದೆ ಎಂದರು ಇನ್ನು ಕೆಲವರು. ಎರಡೂ ನಿಜ. ಆದ್ದರಿಂದ ಮೊಹಲ್ಲಾಕ್ಕೆ ಬಂದ ಒಟ್ಟು ಅರ್ಜಿ, ಮಂಜೂರಾದ ಸಂಖ್ಯೆ, ಕೋರ್ಸು, ಮೊತ್ತ ಮತ್ತು ಆಯ್ಕೆಯ ಅಳತೆಗೋಲುಗಳು ಮಸೀದಿಯ ಫಲಕದಲ್ಲಿ ಇರುತ್ತವೆ. ಹೆಸರುಗಳು ಇರುವುದಿಲ್ಲ. ಹೆಸರುಗಳ ಕಡತವನ್ನು ಹೊರಗಿನ ಲೆಕ್ಕ ಪರಿಶೋಧಕರು ನೋಡುತ್ತಾರೆ; ಕೆಲವು ಕಡತಗಳನ್ನು ಚೀಟಿ ಎತ್ತಿ ಆರಿಸಿ, ಕಾಲೇಜಿಗೆ ಹೋಗಿ ಶುಲ್ಕ ಜಮಾ ಆಗಿದೆಯೇ ಎಂದು ಪರಿಶೀಲಿಸುತ್ತಾರೆ. ಅರ್ಜಿ ತಿರಸ್ಕೃತವಾದರೆ ಕಾರಣ ಲಿಖಿತವಾಗಿ ಸಿಗುತ್ತದೆ; ಮರುಪರಿಶೀಲನೆ ಕೇಳಬಹುದು.

ನಾಲ್ಕು. ಶುಲ್ಕ ಎರಡು ಕಂತುಗಳಲ್ಲಿ, ನೇರವಾಗಿ ಕಾಲೇಜಿಗೆ. ಎರಡನೆಯ ಕಂತಿಗೆ ಹಾಜರಾತಿ ಪತ್ರ ಸಾಕು, ಅಂಕಗಳನ್ನು ಕೇಳುವುದಿಲ್ಲ. ಕಾಯಿಲೆಯಿಂದಲೋ ಮನೆಯ ಕಷ್ಟದಿಂದಲೋ ಹಾಜರಾತಿ ಕಡಿಮೆಯಾದರೆ ಮೊಹಲ್ಲಾ ಸಮಿತಿ ಮನೆಗೆ ಹೋಗಿ ವಿಚಾರಿಸುತ್ತದೆ. ಓದು ನಿಲ್ಲದಂತೆ ನೋಡುವುದು ನಮ್ಮ ಉದ್ದೇಶ, ದಂಡ ಹಾಕುವುದಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಝಕಾತ್ ನಿಧಿಯಿಂದ ಬಂದ ಹಣ ನಿಮ್ಮ ಹಕ್ಕು. ಅದು ಸಾಲವಲ್ಲ, ಯಾರೂ ಅದನ್ನು ಮರಳಿ ಕೇಳುವುದಿಲ್ಲ, ಕೇಳಬಾರದು. ಸದಕಾ ನಿಧಿಯಿಂದ ಖರ್ಝೆ ಹಸನ್ ಆಗಿ ಪಡೆದವರು ಮಾತ್ರ ಸಂಪಾದನೆ ಆರಂಭವಾದ ಮೇಲೆ ತಮ್ಮ ಅನುಕೂಲದಂತೆ ಮರಳಿಸುತ್ತಾರೆ. ಆ ಹಣ ಮುಂದಿನ ಮಗುವಿಗೆ ಹೋಗುತ್ತದೆ. ಆದರೆ ಎಲ್ಲರಲ್ಲೂ ಒಂದು ನಿರೀಕ್ಷೆಯಿದೆ. ಇಂದು ಪಡೆಯುವವರ ಸಾಲಿನಲ್ಲಿ ಕುಳಿತವರು ನಾಳೆ ನಿಮ್ಮ ಮೊಹಲ್ಲಾದ ಸಮಿತಿಯಲ್ಲಿ ಕುಳಿತು ಬೇರೆಯವರ ಅರ್ಜಿ ಓದಬೇಕು. ಹಣಕ್ಕಿಂತ ಅದು ದೊಡ್ಡ ಕೊಡುಗೆ, ಏಕೆಂದರೆ ಅರ್ಜಿ ತುಂಬುವಾಗ ಕೈ ಹೇಗೆ ನಡುಗುತ್ತದೆ ಎಂಬುದು ನಿಮಗೆ ಗೊತ್ತಿದೆ.

ಪೋಷಕರಿಗೂ ಒಂದು ಮಾತು. ನಮ್ಮಲ್ಲಿರುವ ನಿಧಿ ಬಂದ ಎಲ್ಲ ಅರ್ಜಿಗಳಿಗೂ ಸಾಲುವುದಿಲ್ಲ. ಮೊಹಲ್ಲಾ ಸಮಿತಿ ರಚನೆಯಾದ ಮೇಲೂ ಕೆಲವರಿಗೆ ಇಲ್ಲ ಎನ್ನಬೇಕಾಗುತ್ತದೆ. ಈಗ ಆ ಮಾತನ್ನು ಹೇಳುವವರು ನಿಮ್ಮದೇ ನೆರೆಯವರಾಗಿರುತ್ತಾರೆ. ಅದು ಅವರಿಗೂ ಕಷ್ಟ, ನಿಮಗೂ ಕಷ್ಟ. ತೀರ್ಮಾನದ ಅಧಿಕಾರ ಬರುವಾಗ ಅದರ ಭಾರವೂ ಜೊತೆಗೇ ಬರುತ್ತದೆ. ಆ ಭಾರ ಹೊರಲು ಸಿದ್ಧರಿರುವ ತಾಯಂದಿರು ಮತ್ತು ತಂದೆಯರು ತಮ್ಮ ಹೆಸರನ್ನು ಸಭೆ ಮುಗಿದ ಕೂಡಲೇ ಕಚೇರಿಯಲ್ಲಿ ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.

ಅರ್ಜಿಯ ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ಆದಾಯ ಪ್ರಮಾಣಪತ್ರ, ಹಿಂದಿನ ತರಗತಿಯ ಅಂಕಪಟ್ಟಿ ಮತ್ತು ಶುಲ್ಕದ ವಿವರ ಲಗತ್ತಿಸಬೇಕು. ಅರ್ಜಿ ತುಂಬಲು ತಿಳಿಯದವರಿಗೆ ಜುಮಾ ನಮಾಝಿನ ನಂತರ ಹಳೆಯ ವಿದ್ಯಾರ್ಥಿಗಳು ಮಸೀದಿಯ ಆವರಣದಲ್ಲಿ ಉಚಿತವಾಗಿ ನೆರವಾಗುತ್ತಾರೆ. ಅರ್ಜಿಗೆ ಯಾವ ಶುಲ್ಕವೂ ಇಲ್ಲ. ಯಾರಾದರೂ ಹಣ ಕೇಳಿದರೆ ದಯವಿಟ್ಟು ನಮಗೆ ತಿಳಿಸಿ.

ಕೊಟ್ಟವರ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ, ಪಡೆದವರ ವಿದ್ಯೆಯನ್ನು ಎಲ್ಲ ಜನರಿಗೂ ಉಪಯುಕ್ತವಾಗಿಸಲಿ, ನಮ್ಮ ಕೈಗೆ ಬಂದ ಅಮಾನತ್ತನ್ನು ಕಾಯುವ ಶಕ್ತಿಯನ್ನು ನಮಗೆ ಕೊಡಲಿ. ಆಮೀನ್.